ಕ್ಯಾಮೆರಾ ಮುಂದೆ ನಿಲ್ಲುವ ಮೊದಲು ನೂತನ್ ಅವರನ್ನು ನೋಡು

ಚಿ. ಮೈತ್ರಿಗೆ ಅತ್ತೆಯ ಶುಭಾಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ನೀನು ಧಾರಾವಾಹಿಗೆ ಆಯ್ಕೆಯಾದ ವಿಷಯವನ್ನು ಅಣ್ಣ ಫೋನಿನಲ್ಲಿ ಹೇಳಿದ. ಬಹಳ ಸಂತೋಷವಾಯಿತು. ನೀನು ಕಳಿಸಿದ ಆಡಿಷನ್ ತುಣುಕನ್ನೂ ನೋಡಿದೆ. ಉಚ್ಚಾರ ಸ್ವಚ್ಛವಾಗಿದೆ, ದನಿ ಹೊಟ್ಟೆಯಿಂದ ಬರುತ್ತದೆ, ನಿಲುವಿನಲ್ಲಿ ಅಳುಕಿಲ್ಲ. ಆದರೆ ಪ್ರತಿ ಮಾತಿಗೂ ಹುಬ್ಬು ಮೇಲೇರುತ್ತದೆ, ಪ್ರತಿ ವಾಕ್ಯದ ಕೊನೆಗೂ ತಲೆ ಒಂದು ಸಲ ಅಲ್ಲಾಡುತ್ತದೆ. ಹೆಗ್ಗೋಡಿನಲ್ಲಿ ನಾಟಕ ಕಲಿತು, ತಿರುಗಾಟದ ತಂಡದಲ್ಲಿ ಊರೂರಿನ ಕೊನೆಯ ಸಾಲಿನ ಪ್ರೇಕ್ಷಕರಿಗೂ ಭಾವ ಮುಟ್ಟಿಸಿದವಳು ನೀನು. ಅಲ್ಲಿ ಅದು ಬೇಕೇ ಬೇಕಿತ್ತು. ಆದರೆ ಕ್ಯಾಮೆರಾದ ಕ್ಲೋಸಪ್‌ನಲ್ಲಿ ನಿನ್ನ ಮುಖವೇ ಇಡೀ ರಂಗ. ಎಳ್ಳಿನಷ್ಟು ಎದ್ದ ಹುಬ್ಬೂ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಕಲಿತದ್ದನ್ನು ಮರೆಯಬೇಕಾಗಿಲ್ಲ, ಅಳತೆ ಬದಲಾಗಬೇಕು ಅಷ್ಟೆ.

ಆ ಅಳತೆಗಾಗಿ ಹಿಂದಿ ಚಿತ್ರನಟಿ ನೂತನ್ ಅವರ ಚಿತ್ರಗಳನ್ನು ಕುಳಿತು ಅಭ್ಯಾಸ ಮಾಡು ಎಂದು ಹೇಳಲು ಈ ಪತ್ರ. ಅವರನ್ನು ಎಲ್ಲರೂ ‘ಸಹಜ ನಟಿ’ ಎಂದು ಹೊಗಳುತ್ತಾರೆ. ಕಲಿಯುವವಳಿಗೆ ಆ ಹೊಗಳಿಕೆಯಿಂದ ಏನೂ ಪ್ರಯೋಜನವಿಲ್ಲ. ಸಹಜ ಎಂದು ಕೈಮುಗಿದುಬಿಟ್ಟರೆ ಬಿಡಿಸಿ ನೋಡಲು ಏನೂ ಉಳಿಯುವುದಿಲ್ಲ. ಅವರ ಅಭಿನಯದಲ್ಲಿ ಉಸಿರು, ಕಣ್ಣು, ಕೈಗಳ ಕೆಲಸ ಎಷ್ಟು ಲೆಕ್ಕಾಚಾರದಿಂದ ನಡೆದಿದೆ ಎಂಬುದನ್ನು ಒಂದೊಂದಾಗಿ ಗುರುತಿಸಬಹುದು, ಗುರುತಿಸಿದ್ದನ್ನು ಅಭ್ಯಾಸವೂ ಮಾಡಬಹುದು.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಹುಟ್ಟಿದ್ದು 1936ರ ಜೂನ್ 4ರಂದು, ಮುಂಬಯಿಯಲ್ಲಿ. ತಂದೆ ಕುಮಾರಸೇನ್ ಸಮರ್ಥ್ ನಿರ್ದೇಶಕರು. ತಾಯಿ ಶೋಭನಾ ಸಮರ್ಥ್ 1943ರ ‘ರಾಮರಾಜ್ಯ’ದ ಸೀತೆಯಾಗಿ ದೇಶಕ್ಕೆಲ್ಲ ಪರಿಚಿತರು. ತಾಯಿಯೇ ನಿರ್ದೇಶಿಸಿದ ‘ಹಮಾರಿ ಬೇಟಿ’ 1950ರಲ್ಲಿ ಬಂತು. ಆಗ ನೂತನ್‌ಗೆ ಹದಿನಾಲ್ಕು. ಮರುವರ್ಷದ ‘ನಗೀನಾ’ಕ್ಕೆ ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರ ಸಿಕ್ಕಿದ್ದರಿಂದ ನಾಯಕಿಗೇ ಚಿತ್ರಮಂದಿರದೊಳಗೆ ಪ್ರವೇಶವಿರಲಿಲ್ಲ. ಆಮೇಲೆ ಕೆಲಕಾಲ ಸ್ವಿಟ್ಜರ್ಲೆಂಡಿನ ಶಾಲೆಯೊಂದರಲ್ಲಿ ಕಲಿತು ಬಂದರು. 1955ರ ‘ಸೀಮಾ’ದಿಂದ ಅವರ ನಿಜವಾದ ಕೆಲಸ ಶುರು. ‘ಸೀಮಾ’, ‘ಸುಜಾತಾ’, ‘ಬಂದಿನಿ’, ‘ಮಿಲನ್’, ‘ಮೈ ತುಲಸಿ ತೇರೆ ಆಂಗನ್ ಕೀ’ ಚಿತ್ರಗಳಿಗೆ ಐದು ಸಲ ಶ್ರೇಷ್ಠ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆ ದಾಖಲೆಯನ್ನು 2011ರಲ್ಲಿ ಸರಿಗಟ್ಟಿದವರು ತಂಗಿ ತನುಜಾ ಅವರ ಮಗಳು ಕಾಜೋಲ್. ಅಂತರ್ಜಾಲದಲ್ಲಿ ವರ್ಷಗಳನ್ನು ನೋಡುವಾಗ ಎಚ್ಚರವಾಗಿರು. ಚಿತ್ರ ಬಿಡುಗಡೆಯಾದ ವರ್ಷ ಬೇರೆ, ಪ್ರಶಸ್ತಿ ಕೊಟ್ಟ ವರ್ಷ ಬೇರೆ. ‘ಸೀಮಾ’ 1955ರ ಚಿತ್ರ, ಪ್ರಶಸ್ತಿ ಸಿಕ್ಕಿದ್ದು 1957ರಲ್ಲಿ. ಎರಡನ್ನೂ ಕಲೆಸಿ ಬರೆದವರೇ ಹೆಚ್ಚು.

ನೋಡುವ ಮೊದಲು ಪ್ರತಿಯನ್ನು ಪರೀಕ್ಷಿಸಿಕೋ. ‘ಸುಜಾತಾ’, ‘ಬಂದಿನಿ’ ಚೌಕಕ್ಕೆ ಹತ್ತಿರದ ಹಳೆಯ ಆಕಾರದ ಚೌಕಟ್ಟಿನಲ್ಲಿ ತೆಗೆದ ಕಪ್ಪು ಬಿಳುಪು ಚಿತ್ರಗಳು. ಇಂದಿನ ಅಗಲ ಪರದೆ ತುಂಬಲೆಂದು ಹಲವು ಪ್ರತಿಗಳನ್ನು ಮೇಲೆ ಕೆಳಗೆ ಕತ್ತರಿಸಿಬಿಟ್ಟಿದ್ದಾರೆ, ಇಲ್ಲವೇ ಅಡ್ಡಡ್ಡ ಎಳೆದಿದ್ದಾರೆ. ಎಳೆದ ಪ್ರತಿಯಲ್ಲಿ ಮುಖ ಊದಿಕೊಂಡಂತೆ ಕಾಣುತ್ತದೆ. ಕತ್ತರಿಸಿದ ಪ್ರತಿ ಇನ್ನೂ ಕೆಟ್ಟದ್ದು, ಯಾಕೆಂದರೆ ಸೊಂಟದವರೆಗೆ ತೋರಿಸುವ ಮಿಡ್ ಶಾಟ್‌ನಲ್ಲಿ ಅಂಗೈಗಳೇ ಚೌಕಟ್ಟಿನ ಹೊರಗೆ ಹೋಗುತ್ತವೆ, ನೂತನ್ ಅವರ ಅರ್ಧ ಅಭಿನಯ ಇರುವುದೇ ಕೈಯಲ್ಲಿ. ಪರದೆಯ ಎಡ ಬಲಕ್ಕೆ ಕಪ್ಪು ಪಟ್ಟಿ ಇರುವ ಪ್ರತಿಯನ್ನೇ ಹುಡುಕು. ಬಣ್ಣ ತುಂಬಿದ ಪ್ರತಿ ಸಿಕ್ಕರೆ ಮುಟ್ಟಬೇಡ. ಹಾಡುಗಳನ್ನು ಕಿತ್ತು ಹಾಕಿದ ಪ್ರತಿಯೂ ಬೇಡ.

ಒಂದೊಂದು ದೃಶ್ಯವನ್ನೂ ಮೂರು ಸಲ ನೋಡಬೇಕು. ಮೊದಲ ಸಲ ಹಾಗೇ. ಎರಡನೇ ಸಲ ಶಬ್ದ ಪೂರ್ತಿ ತೆಗೆದು. ಮೂರನೇ ಸಲ ಪರದೆಗೆ ಬೆನ್ನು ಹಾಕಿ ಬರೀ ಕಿವಿಯಿಂದ. ಶಬ್ದ ತೆಗೆದಾಗ ಅವರು ಎಲ್ಲಿ ಉಸಿರೆಳೆದರು, ಮಾತಿಗೆ ಮುಂಚೆ ಕಣ್ಣು ತಿರುಗಿತೋ ಮಾತಿನ ನಂತರವೋ, ರೆಪ್ಪೆ ಯಾವಾಗ ಮುಚ್ಚಿತು ಎಂದು ಪುಸ್ತಕದಲ್ಲಿ ಬರೆದುಕೋ. ಮೂರನೇ ಸಲಕ್ಕೆ ದನಿ ಎಲ್ಲಿ ಇಳಿಯಿತು ಎಂದು ಗುರುತು ಹಾಕು. ಹಿಂದಿ ನಿನಗೆ ಬರುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳಬೇಡ. ಅಕ್ಷರ ಕೆಳಗೆ ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

1959ರ ‘ಸುಜಾತಾ’ದಿಂದ ಆರಂಭಿಸು. ಸುಬೋಧ್ ಘೋಷ್ ಅವರ ಕತೆ, ಬಿಮಲ್ ರಾಯ್ ನಿರ್ದೇಶನ, ಕಮಲ್ ಬೋಸ್ ಛಾಯಾಗ್ರಹಣ. ಅಸ್ಪೃಶ್ಯ ಕುಟುಂಬದಲ್ಲಿ ಹುಟ್ಟಿ ಬ್ರಾಹ್ಮಣರ ಮನೆಯಲ್ಲಿ ಬೆಳೆದ ಹುಡುಗಿಯ ಪಾತ್ರ. ಮನೆಯವರು ಅವಳನ್ನು ‘ಮಗಳು’ ಎನ್ನುವುದಿಲ್ಲ, ‘ಮಗಳ ಹಾಗೆ’ ಎನ್ನುತ್ತಾರೆ. ಅದನ್ನು ಕೇಳಿ ಕೇಳಿ ಬೆಳೆದವಳು ಹೇಗೆ ನಿಲ್ಲುತ್ತಾಳೆ, ಹೇಗೆ ಬಾಗಿಲು ದಾಟುತ್ತಾಳೆ ಎಂಬುದನ್ನು ನೂತನ್ ದೇಹದಲ್ಲಿ ತೋರಿಸುತ್ತಾರೆ. ಅವರೊಬ್ಬರನ್ನೇ ನೋಡಬೇಡ. ಪಕ್ಕದಲ್ಲಿ ಮನೆಮಗಳು ರಮಾ ಆಗಿ ಶಶಿಕಲಾ ಇದ್ದಾರೆ. ಆಕೆ ಕುಣಿಯುತ್ತಾ, ಓಡುತ್ತಾ, ಮಾತಿನ ನಡುವೆ ನಗುತ್ತಾ ಚೌಕಟ್ಟನ್ನು ತುಂಬುತ್ತಾರೆ. ಆ ಚಲನೆ ಪಕ್ಕದಲ್ಲಿ ಇರುವುದರಿಂದಲೇ ನೂತನ್ ಅವರ ನಿಶ್ಚಲತೆಗೆ ಅರ್ಥ ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಕಡಿಮೆ ಮಾಡಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ, ಎದುರಿನವರು ಏನು ಮಾಡುತ್ತಿದ್ದಾರೆಂದು ನೋಡದೆ ತಾವು ಕಲ್ಲಿನಂತೆ ನಿಲ್ಲುತ್ತಾರೆ. ಅದು ಸಂಯಮ ಅನ್ನಿಸುವುದಿಲ್ಲ, ಮಾತು ಮರೆತವರ ಹಾಗೆ ಕಾಣುತ್ತದೆ. ದೃಶ್ಯದಲ್ಲಿ ಯಾರು ಹೆಚ್ಚು ಅಲುಗಾಡುತ್ತಾರೆ ಎಂದು ತಾಲೀಮಿನಲ್ಲೇ ಗಮನಿಸಿ ನಿನ್ನ ಪ್ರಮಾಣ ನಿರ್ಧರಿಸಿಕೋ.

ಅದೇ ಚಿತ್ರದ ದೂರವಾಣಿ ಹಾಡು ನಿನಗೆ ಅತಿ ಮುಖ್ಯ. ಅತ್ತ ಸುನಿಲ್ ದತ್ ಹಾಡುತ್ತಾರೆ, ತಲತ್ ಮಹಮೂದ್ ಅವರ ಕಂಠ. ಇತ್ತ ನೂತನ್ ರಿಸೀವರ್ ಹಿಡಿದು ಕೇಳುತ್ತಾರೆ, ಅಷ್ಟೆ. ಒಂದು ಇಡೀ ಹಾಡಿಗೆ ಅವರಿಗೆ ಮಾತೇ ಇಲ್ಲ. ಇಂಥ ಚಿತ್ರೀಕರಣದಲ್ಲಿ ರಿಸೀವರ್‌ನ ಆ ಕಡೆ ಯಾರೂ ಇರುವುದಿಲ್ಲ. ಸೆಟ್ಟಿನ ಲೌಡ್‌ಸ್ಪೀಕರಿನಲ್ಲಿ ಹಾಡು ಮೊಳಗುತ್ತಿರುತ್ತದೆ, ನಟಿ ಮಾತ್ರ ಅದು ತನ್ನ ಕಿವಿಯೊಳಗೆ ಒಬ್ಬನೇ ಹೇಳುತ್ತಿರುವ ಗುಟ್ಟು ಎಂಬಂತೆ ಕೇಳಬೇಕು. ಅವರು ಏನು ಮಾಡುತ್ತಾರೆ ನೋಡು: ಸಾಲು ಕೇಳಿದ ಕೂಡಲೇ ಮುಖ ಬದಲಾಗುವುದಿಲ್ಲ. ಸಾಲು ಮುಗಿದು ಅದರ ಅರ್ಥ ಒಳಗಿಳಿಯುವಷ್ಟು ಹೊತ್ತು ಬಿಟ್ಟು ಕಣ್ಣು ತುಂಬುತ್ತದೆ. ಕೇಳುವುದಕ್ಕೂ ತಟ್ಟುವುದಕ್ಕೂ ನಡುವಿನ ಆ ಕ್ಷಣವನ್ನು ಕೊಟ್ಟರೆ ಮಾತ್ರ ಪ್ರೇಕ್ಷಕರಿಗೆ ನಂಬಿಕೆ ಹುಟ್ಟುತ್ತದೆ. ನಿನ್ನ ಆಡಿಷನ್‌ನಲ್ಲಿ ಎದುರಿನವರ ವಾಕ್ಯ ಮುಗಿಯುವ ಮುಂಚೆಯೇ ನಿನ್ನ ಮುಖದಲ್ಲಿ ಉತ್ತರ ಬಂದಿತ್ತು, ಸಂಭಾಷಣೆ ಬಾಯಿಪಾಠವಾಗಿದ್ದರಿಂದ.

ಧಾರಾವಾಹಿಯಲ್ಲಿ ಇದು ಇನ್ನೂ ಕಷ್ಟವಾಗುತ್ತದೆ, ಯಾಕೆಂದರೆ ಅಲ್ಲಿ ಪ್ರಾಂಪ್ಟಿಂಗ್ ಇದೆ. ಸಹಾಯಕ ನಿರ್ದೇಶಕರು ಬದಿಯಲ್ಲಿ ನಿಂತು ಸಾಲು ಹೇಳುತ್ತಾರೆ, ನೀನು ಹಿಡಿದು ಆಡಬೇಕು. ಪ್ರಾಂಪ್ಟ್ ಕಾಯುವ ನಟರ ಕಣ್ಣು ಒಂದು ಕ್ಷಣ ಸತ್ತುಹೋಗುತ್ತದೆ, ದೃಷ್ಟಿ ಎದುರಿನವರ ಮುಖದಿಂದ ಜಾರಿ ಗಾಳಿಯಲ್ಲಿ ನಿಲ್ಲುತ್ತದೆ. ಎಡಿಟಿಂಗ್‌ನಲ್ಲಿ ಅದನ್ನು ಮುಚ್ಚಲು ಎದುರಿನವರ ಶಾಟ್ ಹಾಕುತ್ತಾರೆ, ನಿನ್ನ ಮುಖ ಪರದೆಯಿಂದ ಹೋಗುತ್ತದೆ. ಸಾಧ್ಯವಾದಷ್ಟು ಹಿಂದಿನ ರಾತ್ರಿಯೇ ಸೀನ್ ಪೇಪರ್, ಅಂದರೆ ದೃಶ್ಯದ ಸಂಭಾಷಣೆಯ ಹಾಳೆ, ಕೇಳಿ ಪಡೆದು ಪಾಠ ಮಾಡಿಕೋ. ಸಿಗದ ದಿನ ಪ್ರಾಂಪ್ಟ್ ಕೇಳುತ್ತಿರುವಾಗ ಎದುರಿನ ಪಾತ್ರವೇ ಅದನ್ನು ಹೇಳುತ್ತಿದೆ ಎಂದುಕೊಂಡು ಕಣ್ಣನ್ನು ಅವರ ಒಂದೇ ಕಣ್ಣಿನ ಮೇಲೆ ನೆಟ್ಟಿರು. ಎರಡು ಕಣ್ಣುಗಳ ನಡುವೆ ಹರಿದಾಡಿದರೆ ಕ್ಲೋಸಪ್‌ನಲ್ಲಿ ನಿನ್ನ ಕಣ್ಣುಗುಡ್ಡೆ ಅತ್ತಿತ್ತ ಓಡುವುದು ಕಾಣುತ್ತದೆ.

‘ಸುಜಾತಾ’ದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೊನೆಗೆ ಆ ಹುಡುಗಿ ಸಾಕುತಾಯಿಗೆ ರಕ್ತ ಕೊಟ್ಟು ಉಳಿಸಿದ ಮೇಲೆ ಮನೆಯವರು ಅವಳನ್ನು ಮಗಳೆಂದು ಒಪ್ಪುತ್ತಾರೆ. ಹಾಗೆ ಪ್ರಾಣ ಉಳಿಸಿ ತೋರಿಸಿದರೇನೇ ಮನುಷ್ಯಳೆಂಬ ಮಾನ್ಯತೆ ಸಿಗುವುದು ಎಂಬ ಅರ್ಥ ಅದರಲ್ಲಿ ಉಳಿದುಬಿಡುತ್ತದೆ. ನನಗದು ಒಪ್ಪಿಗೆಯಿಲ್ಲ. ಕತೆ ಕೊಡುವ ಪರಿಹಾರಕ್ಕಿಂತ ನೂತನ್ ಅವರ ಅಭಿನಯ ಹೆಚ್ಚು ನಿಜ. ಆ ಹುಡುಗಿಗೆ ಆದ ಅವಮಾನ ಎಷ್ಟು ಆಳಕ್ಕೆ ಹೋಗಿದೆ ಎಂದು ಅವರ ಮುಖ ಹೇಳುತ್ತಲೇ ಇರುತ್ತದೆ. ಬರವಣಿಗೆ ಸೋತ ಕಡೆ ನಟಿ ಸತ್ಯವನ್ನು ಹಿಡಿದಿಟ್ಟುಕೊಳ್ಳಬಹುದು. ನಿನಗೆ ಸಿಗುವ ಸಂಭಾಷಣೆಗಳಲ್ಲಿ ಇಂಥ ಸಂದರ್ಭ ವಾರಕ್ಕೊಂದಾದರೂ ಬರುತ್ತದೆ.

ಆಮೇಲೆ 1963ರ ‘ಬಂದಿನಿ’. ಜೈಲು ಅಧಿಕಾರಿಯಾಗಿದ್ದು ‘ಜರಾಸಂಧ’ ಹೆಸರಿನಲ್ಲಿ ಬರೆಯುತ್ತಿದ್ದ ಬಂಗಾಳಿ ಲೇಖಕರ ಕತೆ, ನಬೇಂದು ಘೋಷ್ ಚಿತ್ರಕತೆ. ನೂತನ್ ಆಡುವ ಕಲ್ಯಾಣಿ ಕೊಲೆ ಮಾಡುವ ದೃಶ್ಯವನ್ನು ಬಿಡಿಸಿ ಬಿಡಿಸಿ ನೋಡು. ತಾನು ಆರೈಕೆ ಮಾಡುತ್ತಿರುವ ಸಿಡುಕಿನ ರೋಗಿ ತನ್ನನ್ನು ತೊರೆದುಹೋದವನ ಹೆಂಡತಿ ಎಂದು ತಿಳಿದಿದೆ. ಅದರ ಜೊತೆಗೇ ತನ್ನನ್ನು ಹುಡುಕಿಕೊಂಡು ಬಂದ ತಂದೆಯ ಸಾವು. ಬಿಮಲ್ ರಾಯ್ ಇಲ್ಲಿ ಮಾತು ಇಟ್ಟಿಲ್ಲ, ಕಣ್ಣೀರೂ ಇಟ್ಟಿಲ್ಲ. ಹೊರಗೆ ವೆಲ್ಡಿಂಗ್ ಬೆಳಕು ಹೊತ್ತಿ ಆರುತ್ತದೆ, ಕಬ್ಬಿಣ ಬಡಿಯುವ ಸದ್ದು ಬರುತ್ತದೆ, ಆ ಬೆಳಕು ನೂತನ್ ಅವರ ಮುಖದ ಮೇಲೆ ಬಿದ್ದು ಕತ್ತಲಾಗುತ್ತದೆ. ಬೆಳಕು ಇಷ್ಟು ಅಲುಗಾಡುವಾಗ ಮುಖವೂ ಅಲುಗಾಡಿದ್ದರೆ ಗೊಂದಲವಾಗುತ್ತಿತ್ತು. ಅದು ಗೊತ್ತಿದ್ದೇ ಅವರು ಕತ್ತನ್ನು ಬಿಗಿಹಿಡಿದು, ಉಸಿರನ್ನು ಮೇಲೆದೆಗೆ ತಂದು, ಕಣ್ಣನ್ನು ಒಂದು ಕಡೆ ನಿಲ್ಲಿಸಿದ್ದಾರೆ. ನಿರ್ಧಾರ ಆಯಿತು ಎಂದು ನಮಗೆ ತಿಳಿಯುವುದು ಉಸಿರಿನಿಂದ. ಬೆಳಕು, ಶಬ್ದ, ಕ್ಯಾಮೆರಾ ಎಷ್ಟು ಕೆಲಸ ಮಾಡುತ್ತವೆ ಎಂದು ತಿಳಿದುಕೊಂಡು ಉಳಿದದ್ದನ್ನಷ್ಟೇ ಮಾಡುವುದು ಎಂದರೆ ಇದು. ಹೀಗಾಗಿ ಪ್ರತಿ ಶಾಟ್‌ಗೂ ಮುಂಚೆ ಛಾಯಾಗ್ರಾಹಕರನ್ನು ಎರಡು ವಿಷಯ ಕೇಳು: ಚೌಕಟ್ಟು ಎಲ್ಲಿಂದ ಎಲ್ಲಿಗೆ, ಮುಖ್ಯ ಬೆಳಕು ಯಾವ ಕಡೆಯಿಂದ. ಸೊಂಟದವರೆಗಿನ ಶಾಟ್ ಎಂದರೆ ಕೈಗೆ ಕೆಲಸವಿದೆ, ಗಲ್ಲದವರೆಗೆ ಎಂದರೆ ಇಲ್ಲ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

‘ಬಂದಿನಿ’ಯ ಕೊನೆಯ ದೃಶ್ಯವೂ ಇದೇ ಪಾಠದ ಮುಂದುವರಿಕೆ. ಒಂದು ಕಡೆ ಹೊಸ ಬಾಳಿಗೆ ಕರೆದೊಯ್ಯುವ ರೈಲು, ಇನ್ನೊಂದು ಕಡೆ ಕಾಯಿಲೆ ಬಿದ್ದ ಹಳೆಯ ಪ್ರಿಯನನ್ನು ಹೊತ್ತ ಹಡಗು. ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ತಾವೇ ಹಾಡಿದ ಅಂಬಿಗನ ಹಾಡು ಹಿನ್ನೆಲೆಯಲ್ಲಿ. ರೈಲಿನ ಸಿಳ್ಳು, ಹಡಗಿನ ಕೂಗು ಒಂದಾದ ಮೇಲೊಂದು ಬರುತ್ತವೆ, ಕಲ್ಯಾಣಿಯ ಮುಖ ಎರಡರ ನಡುವೆ ಸಿಕ್ಕಿಕೊಂಡಿದೆ. ಇಂಥ ಸದ್ದುಗಳನ್ನು ಸಾಮಾನ್ಯವಾಗಿ ಆಮೇಲೆ ಸೇರಿಸುತ್ತಾರೆ, ಶಾಟ್ ನಡೆಯುವಾಗ ನಟಿಗೆ ಸಿಗುವುದು ಯಾರದೋ ಚಪ್ಪಾಳೆ ಅಥವಾ ಕೂಗು. ಸದ್ದು ಎಷ್ಟು ದೂರದಿಂದ, ಎಷ್ಟು ಎತ್ತರದಿಂದ ಬರುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳದಿದ್ದರೆ ಮುಖ ಚಪ್ಪಾಳೆಗೆ ಬೆಚ್ಚಿದ ಹಾಗೆ ತಿರುಗುತ್ತದೆ.

ಹಾಗೆಂದು ನೂತನ್ ಎಂದರೆ ಮೌನ ಮತ್ತು ದುಃಖ ಎಂದು ತಿಳಿಯಬೇಡ. ಬಹಳ ಜನ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ‘ಸೀಮಾ’ದ ಗೌರಿ ಕಳ್ಳತನದ ಸುಳ್ಳು ಆಪಾದನೆ ಹೊತ್ತು ಆಶ್ರಮಕ್ಕೆ ಬಂದವಳು, ಮೈಯೆಲ್ಲ ಸಿಟ್ಟು. ಬಲರಾಜ್ ಸಾಹ್ನಿಯವರ ಶಾಂತ ಪಾತ್ರದ ಎದುರು ಈ ಹುಡುಗಿ ಸಿಡಿದೇಳುವ ದೃಶ್ಯಗಳಲ್ಲಿ ದೇಹ ಪೂರ್ತಿ ಬಿಟ್ಟು ಆಡಿದ್ದಾರೆ. ‘ಪೇಯಿಂಗ್ ಗೆಸ್ಟ್’, ‘ತೇರೆ ಘರ್ ಕೇ ಸಾಮ್ನೆ’ಯಲ್ಲಿ ದೇವ್ ಆನಂದ್ ಜೊತೆಗಿನ ಕೀಟಲೆ ನೋಡು. ದೇವ್ ಸಾಲನ್ನು ಓಡಿಸುತ್ತಾರೆ, ನೂತನ್ ಅದಕ್ಕೆ ಓಡದೆ ಒಂದು ಸಣ್ಣ ನಿಲುಗಡೆ ಕೊಟ್ಟು ಉತ್ತರಿಸುತ್ತಾರೆ, ನಗೆ ಬರುವುದು ಆ ನಿಲುಗಡೆಯಲ್ಲಿ. ಎರಡನೆಯ ಚಿತ್ರದ ಕುತುಬ್ ಮಿನಾರಿನ ಮೆಟ್ಟಿಲ ಹಾಡಿಗೆ ಒಳಗೆ ಕ್ಯಾಮೆರಾ ಹಿಡಿಸದೆ ಸೆಟ್ಟು ಹಾಕಬೇಕಾಯಿತು. ಇಳಿಯುತ್ತಾ ಹಾಡು ಕೇಳುತ್ತಾ, ನಗು ತಡೆಯುತ್ತಾ ಅವರು ಹೆಜ್ಜೆ ನೋಡದೆ ಇಳಿಯುವುದನ್ನು ಗಮನಿಸು. ಅದಕ್ಕೆ ಮೆಟ್ಟಿಲನ್ನು ಮುಂಚೆಯೇ ನಾಲ್ಕು ಸಲ ಹತ್ತಿಳಿದು ಕಾಲಿಗೆ ಪರಿಚಯ ಮಾಡಿಸಬೇಕು. 1958ರ ‘ದಿಲ್ಲಿ ಕಾ ಠಗ್’ನಲ್ಲಿ ಈಜುಡುಗೆ ತೊಟ್ಟವರು ಮರುವರ್ಷ ಹತ್ತಿಸೀರೆಯ ಸುಜಾತಾ. ಎರಡರಲ್ಲೂ ಉಡುಪು ಪಾತ್ರದ್ದಾಗಿತ್ತು. ನಿನ್ನನ್ನು ‘ಅಳುವ ಪಾತ್ರಕ್ಕೆ ಸರಿ’ ಎಂದು ಒಂದು ಮೂಲೆಗೆ ಕೂರಿಸುವ ಪ್ರಯತ್ನ ಬೇಗನೆ ಆಗುತ್ತದೆ. ಮೊದಲ ವರ್ಷದಲ್ಲೇ ಒಂದು ಹಾಸ್ಯದ ಪಾತ್ರ ಒಪ್ಪಿಕೋ, ಚಿಕ್ಕದಾದರೂ ಸರಿ.

ಈಗ ಹಾಡಿಗೆ ತುಟಿ ಸೇರಿಸುವ ವಿಷಯ. ‘ಸೀಮಾ’ದಲ್ಲಿ ಲತಾ ಮಂಗೇಶ್ಕರ್ ಹಾಡಿದ ‘ಮನಮೋಹನಾ ಬಡೇ ಝೂಠೇ’ ಜೈಜೈವಂತಿ ರಾಗದ್ದು. ಕರ್ನಾಟಕ ಸಂಗೀತದಲ್ಲಿ ನೀನು ಪಾಠ ಮಾಡಿದ ದ್ವಿಜಾವಂತಿಯ ಬಳಗ, ಆದ್ದರಿಂದ ಗಮಕಗಳು ಕಿವಿಗೆ ಸಿಗುತ್ತವೆ. ನೂತನ್ ಸಂಗೀತ ಕಲಿತವರು, 1960ರಲ್ಲಿ ತಾಯಿ ನಿರ್ದೇಶಿಸಿದ ‘ಛಬೀಲಿ’ಯಲ್ಲಿ ತಾವೇ ಹಾಡಿಯೂ ಇದ್ದಾರೆ. ತಾನುಗಳ, ಅಂದರೆ ವೇಗದ ಸ್ವರಸಾಲುಗಳ ಸಮಯದಲ್ಲಿ ಅವರ ಗಂಟಲನ್ನು ನೋಡು. ತಾನಿಗೆ ಮುಂಚೆ ಉಸಿರು ತುಂಬಿಕೊಳ್ಳುತ್ತಾರೆ, ಮುಗಿದಾಗ ಭುಜ ಇಳಿಯುತ್ತದೆ, ಕತ್ತಿನ ನರ ಸ್ವರದ ಜೊತೆ ಬಿಗಿಯುತ್ತದೆ. ಬರೀ ತುಟಿ ಆಡಿಸುವವರಲ್ಲಿ ಇದು ಯಾವುದೂ ಇರುವುದಿಲ್ಲ, ಅದಕ್ಕೇ ತುಟಿ ಸರಿಯಾಗಿದ್ದರೂ ಏನೋ ಸುಳ್ಳು ಅನ್ನಿಸುತ್ತದೆ.

ನಿನಗೆ ಹಾಡಿನ ದೃಶ್ಯ ಬಂದಾಗ ಹೀಗೆ ತಯಾರಾಗು. ಸಾಹಿತ್ಯವನ್ನು ಕೈಯಲ್ಲಿ ಬರೆದು, ಗಾಯಕಿ ಉಸಿರೆಳೆದ ಜಾಗಕ್ಕೆಲ್ಲ ಅಡ್ಡಗೀಟು ಹಾಕು. ಸ್ಪೀಕರ್ ಜೋರಾಗಿಟ್ಟು ಅದರ ಜೊತೆ ಗಟ್ಟಿಯಾಗಿ ಹಾಡು, ಪಿಸುಗುಟ್ಟಬೇಡ. ಗಂಟಲು ನಿಜವಾಗಿ ಕಂಪಿಸಿದಾಗ ಮಾತ್ರ ಸ್ನಾಯು ಕೆಲಸ ಮಾಡುತ್ತದೆ. ಚಿತ್ರೀಕರಣದಲ್ಲೂ ದನಿ ಬಿಟ್ಟೇ ಹಾಡು, ಆ ಧ್ವನಿಯನ್ನು ಯಾರೂ ಬಳಸುವುದಿಲ್ಲ. ಪ, ಬ, ಮ ಬಂದಲ್ಲಿ ತುಟಿ ಪೂರ್ತಿ ಮುಚ್ಚಬೇಕು. ಸೆಕೆಂಡಿಗೆ 24 ಅಥವಾ 25 ಫ್ರೇಮ್ ಓಡುತ್ತದೆ, ಈ ಅಕ್ಷರಗಳಲ್ಲಿ ಎರಡು ಮೂರು ಫ್ರೇಮ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಬೇರೆ ಅಕ್ಷರಗಳಲ್ಲಿ ಅಷ್ಟು ತಿಳಿಯುವುದಿಲ್ಲ. ಫೋನನ್ನು ಮುಖದ ಮಟ್ಟಕ್ಕೆ ಇಟ್ಟು ಚಿತ್ರಿಸಿಕೊಂಡು ಶಬ್ದ ತೆಗೆದು ನೋಡು, ತುಟಿಯಿಂದಲೇ ಸಾಲು ಓದಲು ಬಂದರೆ ಸರಿಯಾಗಿದೆ. ಇಷ್ಟಾದ ಮೇಲೆ ಕೈಗೆ ಕೆಲಸ ಕೊಡು. ಮೊದಲೇ ಕೈ ಬೀಸಲು ಹೊರಟರೆ ಉಸಿರು ತಪ್ಪುತ್ತದೆ.

1967ರ ‘ಮಿಲನ್’ನಲ್ಲಿ ಇದರ ಮುಂದಿನ ಮೆಟ್ಟಿಲು ಇದೆ. ತೆಲುಗಿನ ‘ಮೂಗ ಮನಸುಲು’ ಹಿಂದಿಗೆ ಬಂದದ್ದು, ಎರಡರ ನಿರ್ದೇಶಕರೂ ಆದುರ್ತಿ ಸುಬ್ಬರಾವ್. ‘ಸಾವನ್ ಕಾ ಮಹೀನಾ’ದಲ್ಲಿ ದೋಣಿ ನಡೆಸುವ ಹುಡುಗ ಓದಿದ ಹುಡುಗಿಗೆ ತನ್ನ ಹಳ್ಳಿಯ ಉಚ್ಚಾರ ಕಲಿಸುತ್ತಾನೆ. ತಪ್ಪಿ, ತಿದ್ದಿಸಿಕೊಂಡು, ಮತ್ತೆ ಹಾಡುವ ಹುಡುಗಿಯಾಗಬೇಕು. ತಪ್ಪುವಾಗ ನೂತನ್ ಮುಖದಲ್ಲಿ ತಪ್ಪೆಂಬ ಅರಿವೇ ಇಲ್ಲ. ಹೊಸಬರು ತಪ್ಪನ್ನು ನಟಿಸುವಾಗ ಮುಂಚಿತವಾಗಿಯೇ ನಾಚಿಕೊಂಡುಬಿಡುತ್ತಾರೆ.

ಇನ್ನು 1973ರ ‘ಸೌದಾಗರ್’. ಇದನ್ನು ನೀನು ತಪ್ಪಿಸಬಾರದು. ಬಿಮಲ್ ರಾಯ್ ಚಿತ್ರಗಳಿಗೆ ಕಲಾ ನಿರ್ದೇಶಕರಾಗಿದ್ದ ಸುಧೇಂದು ರಾಯ್ ನಿರ್ದೇಶನ, ನರೇಂದ್ರನಾಥ ಮಿತ್ರ ಅವರ ಬಂಗಾಳಿ ಕತೆ. ಅಮಿತಾಭ್ ಬಚ್ಚನ್ ಆಡುವ ಮೋತಿ ಈಚಲ ಮರದಿಂದ ರಸ ಇಳಿಸುವವನು. ನೂತನ್ ಆಡುವ ಮಹಜಬೀ ಎಂಬ ವಿಧವೆ ಆ ರಸದಿಂದ ಬೆಲ್ಲ ಕಾಯಿಸುತ್ತಾಳೆ, ಸಂತೆಯಲ್ಲಿ ಅವಳ ಬೆಲ್ಲಕ್ಕೆ ಹೆಸರು. ಕೂಲಿ ಉಳಿಯಲೆಂದು ಅವಳನ್ನು ಮದುವೆಯಾಗಿ, ಹಂಗಾಮಿನ ದುಡ್ಡು ಕೈಸೇರಿದ ಮೇಲೆ ತಲಾಖ್ ಕೊಟ್ಟು ಚೆಂದದ ಹುಡುಗಿಯನ್ನು ತರುತ್ತಾನೆ. ಹೊಸ ಹೆಂಡತಿಗೆ ಪಾಕ ಬಾರದು. ಬೆಲ್ಲ ಕೆಡುತ್ತದೆ, ವ್ಯಾಪಾರ ಮುರಿಯುತ್ತದೆ. ಕೊನೆಗೆ ಮಹಜಬೀಯ ಮನೆಬಾಗಿಲಿಗೇ ಬರುತ್ತಾನೆ. ದುಡ್ಡಿನ ದೃಷ್ಟಿಯಿಂದ ಓಡದ ಚಿತ್ರ, ಆದರೂ ಆ ವರ್ಷ ಭಾರತದಿಂದ ಆಸ್ಕರ್‌ಗೆ ಹೋದದ್ದು ಇದೇ.

ನಮ್ಮ ಕಡೆಯ ಆಲೆಮನೆ ನೋಡಿದವಳು ನೀನು, ಪಾಕ ನೋಡುವವರ ಕಣ್ಣು ಹೇಗಿರುತ್ತದೆ ಎಂದು ನಿನಗೆ ಗೊತ್ತು. ಈಚಲ ರಸ ಚಳಿಗಾಲದಲ್ಲಿ ರಾತ್ರಿ ಇಳಿಯುತ್ತದೆ, ಬಿಸಿಲೇರುವ ಮೊದಲು ಕಾಯಿಸಲು ಇಡದಿದ್ದರೆ ಹುಳಿಯಾಗುತ್ತದೆ. ಉರಿ ಹೆಚ್ಚಾದರೆ ತಳ ಹತ್ತಿ ಕಹಿ, ಪಾಕ ಬರುವ ಮೊದಲೇ ಇಳಿಸಿದರೆ ಅಚ್ಚು ಕಟ್ಟುವುದಿಲ್ಲ. ಇದನ್ನು ಬಲ್ಲ ಹೆಂಗಸು ಒಲೆಯ ಮುಂದೆ ಕುಳಿತಾಗ ಗಂಡ ಮಾತಾಡಿಸಿದರೂ ಕಣ್ಣು ನೊರೆಯ ಮೇಲೆಯೇ ಇರುತ್ತದೆ, ಕಿವಿ ಮಾತ್ರ ಅವನ ಕಡೆಗೆ. ನೂತನ್ ಹಾಗೆಯೇ ಕೂರುತ್ತಾರೆ. ಇಡೀ ಕತೆ ನಿಂತಿರುವುದು ಅವಳ ಕೈಗುಣದ ಮೇಲೆ, ಆ ಕೈ ಸುಳ್ಳಾಗಿದ್ದರೆ ತಲಾಖಿನ ದೃಶ್ಯಕ್ಕೆ ತೂಕವೇ ಬರುತ್ತಿರಲಿಲ್ಲ.

ಧಾರಾವಾಹಿಗಳಲ್ಲಿ ಅಡುಗೆಮನೆ ದೃಶ್ಯ ದಿನಾ ಇರುತ್ತದೆ, ಖಾಲಿ ಪಾತ್ರೆಯಲ್ಲಿ ಸೌಟು ತಿರುಗಿಸುವುದೂ ದಿನಾ ಇರುತ್ತದೆ. ಖಾಲಿ ಕೊಡ ಎತ್ತುವವರ ಬೆನ್ನು ನೇರವಾಗಿರುತ್ತದೆ, ತುಂಬಿದ ಕೊಡಕ್ಕೆ ಸೊಂಟ ಒಂದು ಕಡೆ ವಾಲಲೇಬೇಕು. ಕಲಾ ವಿಭಾಗದವರನ್ನು ಕೇಳಿ ಪಾತ್ರೆಗೆ ಅರ್ಧವಾದರೂ ನೀರು ಹಾಕಿಸು. ತರಕಾರಿ ಹೆಚ್ಚುವುದಿದ್ದರೆ ನಿಜವಾಗಿ ಹೆಚ್ಚು, ಆದರೆ ಯಾವ ಮಾತಿಗೆ ಯಾವ ತುಂಡು ಕತ್ತರಿಸಿದೆ ಎಂದು ನೆನಪಿಟ್ಟುಕೋ. ಇಡೀ ದೃಶ್ಯ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಒಂದು ಮಾತಿಗೆ ಕತ್ತಿ ಎತ್ತಿ ಕ್ಲೋಸಪ್‌ನಲ್ಲಿ ಇನ್ನೊಂದಕ್ಕೆ ಎತ್ತಿದರೆ ಕಂಟಿನ್ಯುಟಿ ತಪ್ಪುತ್ತದೆ, ನಿನ್ನ ಒಳ್ಳೆಯ ಟೇಕ್ ಕಸಕ್ಕೆ ಹೋಗುತ್ತದೆ.

ಅಭಿನಯದ ಆಚೆಗಿನ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಮದುವೆಯ ಮಾತು ಎದ್ದಿದೆ, ಮದುವೆಯಾದ ಮೇಲೆ ಇದೆಲ್ಲ ನಡೆಯುವುದಿಲ್ಲ ಎಂದು ಹೇಳುವವರೂ ಇದ್ದಾರೆ. ನೂತನ್ 1959ರ ಅಕ್ಟೋಬರ್ 11ರಂದು ನೌಕಾಪಡೆಯ ಅಧಿಕಾರಿ ರಜನೀಶ್ ಬಹ್ಲ್ ಅವರನ್ನು ಮದುವೆಯಾದರು. ಮಗ ಮೋಹನೀಶ್ ಹುಟ್ಟಿದ. ‘ಬಂದಿನಿ’, ‘ಮಿಲನ್’, ‘ಸರಸ್ವತಿಚಂದ್ರ’, ‘ಸೌದಾಗರ್’ ಎಲ್ಲವೂ ಆಮೇಲಿನವು. ಐದರಲ್ಲಿ ಮೂರು ಫಿಲ್ಮ್‌ಫೇರ್ ಮದುವೆಯ ನಂತರದ ಚಿತ್ರಗಳಿಗೆ ಬಂದದ್ದು, ಕೊನೆಯದು ಅವರ 42ನೇ ವಯಸ್ಸಿನಲ್ಲಿ ಬಿಡುಗಡೆಯಾದ ಚಿತ್ರಕ್ಕೆ. ಅಣ್ಣನಿಗೂ ಇದನ್ನೇ ಹೇಳಿದ್ದೇನೆ. ಅವರು ಚಿತ್ರಗಳ ಸಂಖ್ಯೆ ಕಡಿಮೆ ಮಾಡಿ ಪಾತ್ರ ಆರಿಸಿಕೊಂಡರು. ನೀನೂ ಅದಕ್ಕೆ ಸಿದ್ಧಳಿರಬೇಕು.

ವಯಸ್ಸಿನ ವಿಷಯದಲ್ಲಿ ಉದ್ಯಮ ಹೆಂಗಸರಿಗೆ ಮೋಸ ಮಾಡುತ್ತದೆ, ಇದನ್ನೂ ಈಗಲೇ ತಿಳಿದಿರು. ‘ಸುಜಾತಾ’, ‘ಮಿಲನ್’ ಚಿತ್ರಗಳಲ್ಲಿ ಜೊತೆಯಾಗಿದ್ದವರು ಸುನಿಲ್ ದತ್. 1986ರ ‘ನಾಮ್’ನಲ್ಲಿ ಅದೇ ಸುನಿಲ್ ದತ್ ಅವರ ಮಗ ಸಂಜಯ್ ದತ್‌ಗೆ ನೂತನ್ ತಾಯಿ. ಆದರೆ ತಾಯಿಯ ಪಾತ್ರವನ್ನೂ ಅವರು ಹಗುರವಾಗಿ ತೆಗೆದುಕೊಳ್ಳಲಿಲ್ಲ. 1985ರ ‘ಮೇರಿ ಜಂಗ್’ನಲ್ಲಿ ನಮ್ಮ ಗಿರೀಶ ಕಾರ್ನಾಡರು ನಿರಪರಾಧಿಯಾಗಿ ಗಲ್ಲಿಗೇರುವ ಗಂಡ, ಆ ಆಘಾತಕ್ಕೆ ಬುದ್ಧಿಸ್ಥಿಮಿತ ಕಳೆದುಕೊಳ್ಳುವ ಹೆಂಡತಿ ನೂತನ್. ಅದಕ್ಕೆ ಶ್ರೇಷ್ಠ ಪೋಷಕ ನಟಿ ಪ್ರಶಸ್ತಿ ಬಂತು. 1950ರ ದಶಕದಲ್ಲಿ ದಿಲೀಪ್ ಕುಮಾರ್ ಜೊತೆ ಶುರುವಾದ ಚಿತ್ರ ಅರ್ಧಕ್ಕೆ ನಿಂತಿತ್ತು, ಕೊನೆಗೆ ಅವರಿಬ್ಬರೂ ಜೊತೆಯಾಗಿ ತೆರೆಗೆ ಬಂದದ್ದು 1986ರ ‘ಕರ್ಮಾ’ದಲ್ಲಿ. 1991ರ ಫೆಬ್ರವರಿ 21ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಬರೀ 54.

ಇನ್ನು ಹಣ. ಹಣಕಾಸಿನ ವಿಷಯಕ್ಕೆ ನೂತನ್ ಮತ್ತು ತಾಯಿಯ ನಡುವೆ ವಿವಾದವಾಗಿ ಕೋರ್ಟಿನವರೆಗೆ ಹೋಯಿತು, ವರ್ಷಗಟ್ಟಲೆ ಮಾತು ನಿಂತಿತ್ತು, 1980ರ ದಶಕದಲ್ಲಿ ಮತ್ತೆ ಒಂದಾದರು. ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಹದಿನಾಲ್ಕಕ್ಕೇ ದುಡಿಯಲು ನಿಂತ ಹುಡುಗಿಯ ಲೆಕ್ಕಪತ್ರ ಮನೆಯವರ ಕೈಯಲ್ಲಿ ಇರುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು, ಜಗಳ ಹುಟ್ಟುವುದೂ ಅಂಥ ಕಡೆಯೇ. 1958ರ ‘ಸೋನೇ ಕೀ ಚಿಡಿಯಾ’ದಲ್ಲಿ ಅವರು ನೆಂಟರು ಸುಲಿಯುವ ತಾರೆಯ ಪಾತ್ರ ಮಾಡಿದ್ದರು, ಇಸ್ಮತ್ ಚುಗ್ತಾಯಿ ಬರೆದದ್ದು. ಅದನ್ನೂ ನೋಡು.

ಅಣ್ಣ ಅತ್ತಿಗೆಯ ಮೇಲೆ ಅಪನಂಬಿಕೆಯಿಂದ ಇದನ್ನು ಬರೆಯುತ್ತಿಲ್ಲ, ಪ್ರೀತಿ ಉಳಿಯಲೆಂದೇ ಬರೆಯುತ್ತಿದ್ದೇನೆ. ಸಂಭಾವನೆ ನಿನ್ನ ಹೆಸರಿನ ಖಾತೆಗೇ ಬರಲಿ. ಮನೆಗೆ ಕೊಡುವುದನ್ನು ಅಲ್ಲಿಂದ ನೀನೇ ವರ್ಗಾಯಿಸು. ಒಂದು ಪುಸ್ತಕದಲ್ಲಿ ದಿನಾಂಕ, ಕಾಲ್‌ಶೀಟ್ ಸಮಯ, ಪ್ಯಾಕಪ್ ಆದ ಹೊತ್ತು, ದಿನಕ್ಕೆ ಒಪ್ಪಿದ ಮೊತ್ತ, ಕೈಗೆ ಬಂದ ಮೊತ್ತ ಬರೆದಿಡು. ನಿರ್ಮಾಪಕರು ನೂರಕ್ಕೆ ಹತ್ತು ತೆರಿಗೆ ಮುರಿದುಕೊಂಡಿದ್ದರೆ ಅದು ನಿನ್ನ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡು. ಮುರಿದು ಕಟ್ಟದೆ ಬಿಟ್ಟರೆ ವರ್ಷದ ಕೊನೆಗೆ ಪರದಾಡುವವಳು ನೀನು. ಒಪ್ಪಂದದಲ್ಲಿ ನಾಲ್ಕು ವಿಷಯ ಬರಹದಲ್ಲಿ ಇರಲೇಬೇಕು: ಹಣ ಯಾವ ದಿನದೊಳಗೆ ಸಿಗುತ್ತದೆ, ದಿನಕ್ಕೆ ಎಷ್ಟು ಗಂಟೆ, ಎಷ್ಟು ಕಾಲ ಬೇರೆ ವಾಹಿನಿಯಲ್ಲಿ ನಟಿಸುವಂತಿಲ್ಲ, ನಡುವೆ ಬಿಟ್ಟರೆ ಯಾರು ಯಾರಿಗೆ ಏನು ಕೊಡಬೇಕು. ಮೂರನೆಯದರಲ್ಲಿ ಅವಧಿ ಖಾಲಿ ಬಿಟ್ಟು ಸಹಿ ಕೇಳುತ್ತಾರೆ, ಅಂಕಿ ತುಂಬಿಸದೆ ಪೆನ್ನು ಎತ್ತಬೇಡ.

ಕಾಗದ ಬಂದ ದಿನವೇ ಎಲ್ಲ ಪುಟಗಳ ಫೋಟೋ ತೆಗೆದು ನನಗೆ ಕಳಿಸು. ‘ಸುಜಾತಾ’ ನೋಡಿ ಬರೆದ ಟಿಪ್ಪಣಿಯನ್ನೂ ಜೊತೆಗೆ ಕಳಿಸು, ದೂರವಾಣಿ ಹಾಡಿನದ್ದು ಮೊದಲು.

ಇಂತಿ ನಿನ್ನ ಪ್ರೀತಿಯ
ಅತ್ತೆ